ಮಲ್ಲೇಶ್ವರದಲ್ಲಿ ಒಂದು ಸಾಲ್ಸಾ ರಾತ್ರಿ



ಶನಿವಾರ ರಾತ್ರಿ ಮಲ್ಲೇಶ್ವರದಲ್ಲಿ ಒಂದು ಸಾಲ್ಸಾ ಪಾರ್ಟಿಗೆ ಹೋಗಿದ್ದೆ. ಜೊತೆಗೆ ಬಂದಿದ್ದ ಗೆಳತಿ ನಾನು ಕುಣೀತಿದ್ದ ವಿಡಿಯೊನ ಸ್ಟೇಟಸ್‌ಗೆ ಹಾಕಿಬಿಟ್ಟಳು. ಭಾನುವಾರ ಬೆಳಗ್ಗೆ ಏಳೋಷ್ಟರಲ್ಲಿ ಇನ್‌ಬಾಕ್ಸ್ ತುಂಬಿತ್ತು. "ನಮ್ಮವರು ಮ್ಯಾನ್‌ಹೋಲಿಗೆ ಇಳಿದು ಸಾಯ್ತಿದಾರೆ, ನೀವು ಸಾಲ್ಸಾ ಆಡ್ತಿದೀರಾ ಮೇಡಂ?" ಅಂತ ಒಬ್ಬ ಸಂಗಾತಿ. "ಸವರ್ಣರ ಶೋಕಿ ನಮಗ್ಯಾಕೆ?" ಅಂತ ಇನ್ನೊಬ್ಬರು. ಒಬ್ಬೊಬ್ಬರಿಗೂ ಉತ್ತರ ಬರೆಯೋ ಬದಲು ಇಲ್ಲೇ ಬರೀತಿದ್ದೇನೆ. ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಮೊದಲು ಜಾಗದ ವಿಷಯ. ಮಲ್ಲೇಶ್ವರ, ಬಸವನಗುಡಿ 1898ರ ಪ್ಲೇಗಿನ ಹೊತ್ತಿಗೆ ಎದ್ದ ಬಡಾವಣೆಗಳು. ಸೈಟುಗಳನ್ನ ಜಾತಿವಾರು ವಿಂಗಡಿಸಿ ಹಂಚಿದ್ದರು. ಆ ನಕ್ಷೆ ಕಾಗದದಲ್ಲಿ ಹಳೇದಾಗಿರಬಹುದು, ಬಾಡಿಗೆ ಮನೆ ಹುಡುಕೋಕೆ ಹೊರಟರೆ ಇವತ್ತಿಗೂ ಕೈಗೆ ಸಿಗುತ್ತೆ. ನಾಲ್ಕು ವರ್ಷದ ಹಿಂದೆ ಇದೇ ಮಲ್ಲೇಶ್ವರದ ಒಂದು ಕ್ರಾಸಿನಲ್ಲಿ ಮನೆ ನೋಡಿದ್ದೆ. ಓನರ್ ಅಮ್ಮ ಊರು ಕೇಳಿದರು, ಅಪ್ಪನ ಕೆಲಸ ಕೇಳಿದರು, ನಾನ್‌ವೆಜ್ಜಾ ಅಂದರು. ಕೊನೆಗೆ "ನೀವು ಯಾವ ಜನ?" ನಾನು ಹೇಳಿದೆ. ಟೋಕನ್ ಅಡ್ವಾನ್ಸ್ ಅಂತ ಕೈಯಲ್ಲಿ ಹಿಡಿದಿದ್ದ ದುಡ್ಡನ್ನ ಅವರು ತಗೊಳ್ಳಲಿಲ್ಲ. ಕಟ್ಟೆ ಮೇಲಿಡಿ ಅಂತಲೂ ಅನ್ನಲಿಲ್ಲ. ಮಗನ್ನ ಕೇಳಿ ಫೋನ್ ಮಾಡ್ತೀವಿ ಅಂದರು. ಈಗ ಚಾಮರಾಜಪೇಟೆಯಲ್ಲಿದ್ದೇನೆ, ಅದು ಬಿಡಿ.

ಪಾರ್ಟಿ ಇದ್ದದ್ದು ಆ ಕ್ರಾಸಿನಿಂದ ಐದು ನಿಮಿಷದ ದಾರಿ. ಎರಡನೇ ಮಹಡಿಯ ಒಂದು ಹಾಲು, ಒಂದು ಗೋಡೆ ಪೂರ್ತಿ ಕನ್ನಡಿ. ಮೊದಲ ಒಂದು ಗಂಟೆ ಹೊಸಬರಿಗೆ ಕ್ಲಾಸು. ಎಂಟು ಎಣಿಕೆ: ಒಂದು ಎರಡು ಮೂರಕ್ಕೆ ಹೆಜ್ಜೆ, ನಾಲ್ಕಕ್ಕೆ ತಡೆ. ಐದು ಆರು ಏಳಕ್ಕೆ ಹೆಜ್ಜೆ, ಎಂಟಕ್ಕೆ ತಡೆ. ಹೆಜ್ಜೆ ಯಾರಾದರೂ ಹಾಕ್ತಾರೆ, ಆ ನಾಲ್ಕು ಎಂಟರಲ್ಲಿ ಸುಮ್ಮನೆ ನಿಲ್ಲೋದು ಮಾತ್ರ ನನಗೆ ಕೊನೆವರೆಗೂ ಬರಲಿಲ್ಲ. ಎರಡು ನಿಮಿಷಕ್ಕೊಮ್ಮೆ ಮೇಷ್ಟ್ರು "ಚೇಂಜ್" ಅಂತ ಕೂಗ್ತಾರೆ. ಜೋಡಿ ಬದಲಾಗಬೇಕು. ಎದುರು ಬಂದವರ ಕೈ ಹಿಡೀಬೇಕು, ಅವರು ನಿಮ್ಮ ಕೈ ಹಿಡೀಬೇಕು. ಹೆಸರು ಹೇಳಿದರೂ ಆಯ್ತು, ಬಿಟ್ಟರೂ ಆಯ್ತು. ಆಮೇಲೆ ಪಾರ್ಟಿ ಶುರುವಾದರೂ ಅದೇ ರೂಢಿ: ಯಾರು ಬೇಕಾದರೂ ಬಂದು ಕೈ ಚಾಚಬಹುದು, ಬೇಡ ಅಂದರೆ ನಗುತ್ತಾ ಹೋಗ್ತಾರೆ, ಒಪ್ಪಿದರೆ ಒಂದು ಹಾಡಿಗೆ ಜೋಡಿ.

ನಾನು ಲೆಕ್ಕ ಇಟ್ಟೆ. ನಗಬೇಡಿ, ನಿಜವಾಗ್ಲೂ ಇಟ್ಟೆ. ರಾತ್ರಿ ಹತ್ತೂವರೆವರೆಗೆ ಇಪ್ಪತ್ತಮೂರು ಜನ ನನ್ನ ಕೈ ಹಿಡಿದರು. ಅದರಲ್ಲಿ ಐವರು ಹೆಂಗಸರು, ಒಬ್ಬರಿಗೆ ಅರವತ್ತರ ಮೇಲೆ. ನಮ್ಮೂರಲ್ಲಿ ಅಂಗಡಿಯವನು ಚಿಲ್ಲರೆಯನ್ನ ಮೇಲಿಂದ ಅಂಗೈಗೆ ಬೀಳಿಸ್ತಿದ್ದ, ಬೆರಳು ತಾಕದ ಹಾಗೆ. ಹಾಗೆ ಬೆಳೆದವಳಿಗೆ ಇಪ್ಪತ್ತಮೂರು ಸಣ್ಣ ಸಂಖ್ಯೆ ಅಲ್ಲ. ಸಂವಿಧಾನದ 17ನೇ ವಿಧಿಯನ್ನ ವೇದಿಕೆ ಮೇಲೆ ಎಷ್ಟೋ ಸಲ ಉದ್ದುದ್ದ ಹೇಳಿದ್ದೀನಿ. ಅದು ಬೆವೆತ ಅಂಗೈ ಆಗಿ ಬಂದಿದ್ದು ನನಗೆ ಅವತ್ತೇ ಮೊದಲು.

ಹಾಗಂತ ಜಾತಿ ಹೋಗಿಬಿಡ್ತು ಅಂತ ನಾನು ಹೇಳ್ತಿಲ್ಲ. ನೀರು ಕುಡಿಯೋಕೆ ಪಕ್ಕಕ್ಕೆ ಬಂದಾಗ ಒಬ್ಬ ಹುಡುಗ, ಒಳ್ಳೇ ಹುಡುಗನೇ, ಬಹಳ ಚೆನ್ನಾಗಿ ಕುಣೀತಿದ್ದ, "ಪೂರ್ತಿ ಹೆಸರೇನು ನಿಮ್ಮದು?" ಅಂದ. ಹೇಳಿದೆ. "ಮೂಲ ಎಲ್ಲಿ?" ಕೋಲಾರದ ಕಡೆ ಅಂದೆ. "ಓಹೋ, ಕೋಲಾರದಲ್ಲಿ ಯಾರು?" ಈ "ಯಾರು" ಅನ್ನೋದರ ಅರ್ಥ ನಿಮಗೆ ಗೊತ್ತಲ್ಲ. ಹಾಡು ನಡೀತಿದ್ದಾಗ ಅವನಿಗೆ ಬೇಕಾಗಿರದ ಉತ್ತರ ಹಾಡು ನಿಂತ ತಕ್ಷಣ ಬೇಕಾಯ್ತು.

ಇನ್ನು "ಸವರ್ಣರ ಶೋಕಿ" ಅನ್ನೋ ಮಾತು. ಸಾಲ್ಸಾ ಅನ್ನೋ ಹೆಸರು ಹರಡಿದ್ದು 1960-70ರ ದಶಕದ ನ್ಯೂಯಾರ್ಕಿನಿಂದ, ಪೋರ್ಟೊರಿಕೊ, ಕ್ಯೂಬಾದಿಂದ ಬಂದ ವಲಸಿಗರ ಬೀದಿಗಳಿಂದ. 1964ರಲ್ಲಿ ಶುರುವಾದ ಫಾನಿಯಾ ರೆಕಾರ್ಡ್ಸ್ ಅದನ್ನ ಜಗತ್ತಿಗೆಲ್ಲ ಮಾರಿತು. ತಾಳದ ಬೇರು ಮಾತ್ರ ಕ್ಯೂಬಾದ್ದು, ಆಫ್ರಿಕಾದಿಂದ ಹಿಡಿದು ತಂದು ಕಬ್ಬಿನ ಗದ್ದೆಯಲ್ಲಿ ದುಡಿಸಿದ ಗುಲಾಮರದ್ದು. ಅಲ್ಲಿ ಗುಲಾಮಗಿರಿ ರದ್ದಾಗಿದ್ದು 1886ರಲ್ಲಿ. ಆಮೇಲೂ ಕರಿಯರ ಚರ್ಮವಾದ್ಯಗಳ ಮೇಲೆ ನಿರ್ಬಂಧಗಳು ಬಂದವು. ಡೋಲು ಸಿಗದಿದ್ದಾಗ ಬಂದರಿನ ಮರದ ಪೆಟ್ಟಿಗೆಗಳನ್ನೇ ಬಡಿದು ರುಂಬಾ ಕುಣಿದರು. ಕರಿಯರಿಗೆ ಬೇರೆ ಕ್ಲಬ್ಬು, ಬಿಳಿಯರಿಗೆ ಬೇರೆ. ಬಿಳಿಯರ ಕ್ಲಬ್ಬಿನಲ್ಲಿ ಕರಿಯ ಬಾರಿಸಬಹುದು, ಅತಿಥಿಯಾಗಿ ಕುಣಿಯುವಂತಿಲ್ಲ.

ಇದನ್ನ ಓದಿದಾಗ ನನಗೆ ನೆನಪಾಗಿದ್ದು ಅಪ್ಪ. ಅಪ್ಪ ತಮಟೆ ಬಡೀತಿದ್ದರು. ತೇರಿನ ಮುಂದೆ ಬಡೀಬಹುದು, ಗುಡಿಯೊಳಗೆ ಕಾಲಿಡುವಂತಿಲ್ಲ. ಯಾರದೇ ಮನೆಯಲ್ಲಿ ಸಾವಾದರೂ ಕರೆ ಬರ್ತಿತ್ತು. ಕೂಲಿ ಅಂತ ಏನೂ ಇಲ್ಲ, ಬಿಟ್ಟಿ ಚಾಕರಿ. ದಲಿತ ಸಂಘರ್ಷ ಸಮಿತಿಯವರು ಊರಿಗೆ ಬಂದು ಸಭೆ ಮಾಡಿದ ಮೇಲೆ, ಇನ್ನು ಹೆಣಕ್ಕೆ ಬಡಿಯಲ್ಲ ಅಂತ ಕೇರಿಯವರೆಲ್ಲ ನಿಂತರು. ಅದಕ್ಕೆ ಬೆಲೆನೂ ತೆತ್ತರು. ಅಪ್ಪ ತಮಟೆಯನ್ನ ಅಟ್ಟಕ್ಕೆ ಎಸೆದವರು ಮತ್ತೆ ಇಳಿಸಲಿಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಕಡೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿ ಪದ್ಮಶ್ರೀ ಬಂದಾಗ ಟಿವಿ ಮುಂದೆ ಕೂತು ನೋಡಿದರು, ಒಂದು ಮಾತೂ ಆಡಲಿಲ್ಲ. ತೊಡೆ ಮೇಲೆ ಬೆರಳು ಮಾತ್ರ ಆಡ್ತಿತ್ತು.

ಆ ಚಾಕರಿ ಬಿಟ್ಟಿದ್ದು ನೂರಕ್ಕೆ ನೂರು ಸರಿ. ನನ್ನ ತಕರಾರು ಬೇರೆ. ಚಾಕರಿ ಬಿಡೋ ಭರದಲ್ಲಿ ನಮಗಾಗಿ ನಾವು ಕುಣಿಯೋದನ್ನೂ ಬಿಟ್ಟೆವಾ ಅಂತ. ಹೋರಾಟಗಾರ್ತಿ ಅಂದರೆ ಸದಾ ಮುಖ ಗಂಟಿಕ್ಕಿರಬೇಕು, ಧರಣಿ, ಮನವಿಪತ್ರ, ಪೋಸ್ಟ್‌ಮಾರ್ಟಂ ರಿಪೋರ್ಟು ಇಷ್ಟರಲ್ಲೇ ಇರಬೇಕು ಅಂತ ನಮಗೆ ನಾವೇ ಕಾನೂನು ಮಾಡ್ಕೊಂಡಿದ್ದೀವಿ. ಬಾಬಾಸಾಹೇಬರು ವಯಲಿನ್ ಕಲಿತಿದ್ದರು, ಅವರಿಗೆ ಯಾರೂ ಈ ಪ್ರಶ್ನೆ ಕೇಳಲ್ಲ. ಮ್ಯಾನ್‌ಹೋಲ್ ಸಾವಿನ ಕೇಸುಗಳಲ್ಲಿ ನಾನು ಎಷ್ಟು ಸಲ ಠಾಣೆ ಮೆಟ್ಟಿಲು ಹತ್ತಿದ್ದೀನಿ ಅನ್ನೋದು ಮೆಸೇಜ್ ಮಾಡಿದ ಸಂಗಾತಿಗೂ ಗೊತ್ತು.

ಯಾರ ಕುಣಿತ ಹವ್ಯಾಸ, ಯಾರದು ಅಪರಾಧ ಅನ್ನೋದು ಇನ್ನೊಂದು ಕತೆ. ಲೈವ್‌ಬ್ಯಾಂಡುಗಳಿಗೆ ಪೊಲೀಸ್ ಲೈಸೆನ್ಸ್ ಕಡ್ಡಾಯ ಮಾಡಿದ 2005ರ ಆದೇಶವನ್ನ ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿ ಹಿಡೀತು. ಅಲ್ಲಿ ಹೊಟ್ಟೆಪಾಡಿಗೆ ಕುಣಿಯೋ ಹೆಣ್ಣುಮಕ್ಕಳ ಮೇಲೆ ರೇಡ್ ಆಗುತ್ತೆ, ಮುಖ ಮುಚ್ಕೊಂಡ ಫೋಟೊ ಪೇಪರಲ್ಲಿ ಬರುತ್ತೆ. ಕನ್ನಡಿ ಹಾಲಿನಲ್ಲಿ ಕುಣಿದ ನಮಗೆ ಯಾರೂ ಏನೂ ಕೇಳಲಿಲ್ಲ. ಇದರ ಬಗ್ಗೆ ಬೇರೇನೇ ಬರೀಬೇಕು.

ಈಗ, ಹೇಳಲೋ ಬೇಡವೋ ಅಂತ ಎರಡು ದಿನದಿಂದ ಒದ್ದಾಡಿದ ವಿಷಯ. ಹಾಲಿನ ಬಾಗಿಲ ಹತ್ತಿರ ಹೌಸ್‌ಕೀಪಿಂಗ್ ಅಕ್ಕ ಒಬ್ಬರು ಮಾಪು ಹಿಡ್ಕೊಂಡು ನಿಂತಿದ್ದರು. ನೆಲಕ್ಕೆ ಬೆವರು, ನೀರು ಬಿದ್ದರೆ ಜಾರುತ್ತೆ, ಒರೆಸಬೇಕು. ಹಾಡು ಜೋರಾದಾಗ ಅವರ ಕಾಲು ತಾಳ ಹಾಕ್ತಿತ್ತು. ತಾಳ ತಪ್ಪದೆ, ನನಗಿಂತ ಚೆನ್ನಾಗಿ. ಆ ನಾಲ್ಕು, ಎಂಟರ ತಡೆ ಕೂಡ ಅವರ ಹಿಮ್ಮಡಿಗೆ ಸಿಕ್ಕಿತ್ತು. ಅರವತ್ತು ಜನ ಇದ್ದ ಹಾಲಿನಲ್ಲಿ ಅವರ ಮುಂದೆ ಒಬ್ಬರೂ ಕೈ ಚಾಚಲಿಲ್ಲ. ನಾನೂ ಚಾಚಲಿಲ್ಲ. ಗಮನಿಸಿರಲಿಲ್ಲ ಅನ್ನೋಕೆ ಆಗಲ್ಲ, ಗಮನಿಸಿದ್ದೆ. ಅವರ ಕೆಲಸಕ್ಕೆ ತೊಂದರೆ ಆದರೆ ಅಂತ ಒಂದು ನೆಪ ಹೇಳ್ಕೊಂಡೆ. ನಿಜ ಏನಂದರೆ, ಅವತ್ತು ಒಂದು ರಾತ್ರಿ ಆ ಕಡೆಯವಳು ಅನಿಸ್ಕೊಳ್ಳದೆ ಈ ಕಡೆಯವಳಾಗಿರೋದು ನನಗೆ ಹಿತ ಅನಿಸ್ತಿತ್ತು. ಹೊರಡುವಾಗ ಮಾತಾಡಿಸಿದೆ. ಗುಡಿಬಂಡೆ ಕಡೆಯವರಂತೆ. ಅವರ ತಾತ ತಮಟೆ ಬಡೀತಿದ್ದರಂತೆ. ನಾನು ಕೇಳಿರಲಿಲ್ಲ, ಅವರಾಗೇ ಹೇಳಿದರು.

ಸಂಪಿಗೆ ರಸ್ತೆಯಿಂದ ಮೆಟ್ರೊ ಹತ್ತಿ ಮಾರ್ಕೆಟ್ ಸ್ಟೇಷನ್ನಿನಲ್ಲಿ ಇಳಿದು ಮನೆ ಕಡೆ ನಡೀತಾ ಅಪ್ಪನಿಗೆ ಫೋನ್ ಮಾಡಿದೆ. ಇನ್ನೂ ಎದ್ದಿದ್ದರು. ಗುಲಾಮರ ಡೋಲಿನ ವಿಷಯ ಎಲ್ಲ ಹೇಳಿದೆ. ಪೂರ್ತಿ ಕೇಳಿಸ್ಕೊಂಡು, "ಬಡಿಯೋಕೆ ಮುಂಚೆ ಅವರೂ ಬೆಂಕಿಗೆ ಕಾಯಿಸ್ತಾರಾ?" ಅಂದರು. ಚರ್ಮ ಬಿಗಿ ಮಾಡೋಕೆ ಹಿಂದೆ ಅಲ್ಲೂ ಹಾಗೇ ಕಾಯಿಸ್ತಿದ್ದರಂತೆ ಅಂದೆ. "ಮತ್ತೆ ಇನ್ನೇನು, ನಮ್ಮವರೇ" ಅಂದು ಫೋನಿಟ್ಟರು.

ಮುಂದಿನ ತಿಂಗಳು ಮತ್ತೆ ಇದೆಯಂತೆ. ಟಿಕೆಟ್ 400 ರೂಪಾಯಿ, ಜಾಸ್ತಿನೇ. ನಾಲ್ಕೈದು ಜನ ಸೇರಿದರೆ ಕಡಿಮೆ ಮಾಡಿ ಅಂತ ಕೇಳೋಣ. ಗುಡಿಬಂಡೆ ಅಕ್ಕನಿಗೆ ಅವತ್ತು ಡ್ಯೂಟಿ ಇಲ್ಲವಂತೆ, ಬರ್ತೀನಿ ಅಂದಿದ್ದಾರೆ, ಅವರದ್ದು ನಾನು ಕಟ್ತೀನಿ. ಬರೋರು ಕಾಮೆಂಟಲ್ಲಿ ಹೇಳಿ. ಚಪ್ಪಲಿ ಜಾರುತ್ತೆ, ಶೂ ಹಾಕ್ಕೊಂಡು ಬನ್ನಿ.