ಟ್ರೇಲರಿನ ಗಾಲಿಗಳಿಗೂ ಸಮತೋಲನ ಬೇಕು

ಎತ್ತಿನ ಗಾಡಿಗಳಲ್ಲಿ ಸರಕು ಸಾಗುತ್ತಿದ್ದ ಕಾಲದಲ್ಲಿ ಗಾಲಿಯ ದೋಷವನ್ನು ಯಾರೂ ಮುಚ್ಚಿಡಲಾಗುತ್ತಿರಲಿಲ್ಲ. ಕೀಲೆಣ್ಣೆ ಒಣಗಿದರೆ ಅಚ್ಚು ಕಿರುಗುಟ್ಟುತ್ತಿತ್ತು. ಆ ಸದ್ದು ಗಾಡಿ ಹೊಡೆಯುವವನಿಗೂ ಕೇಳುತ್ತಿತ್ತು, ಸರಕಿನ ಒಡೆಯನಿಗೂ ಕೇಳುತ್ತಿತ್ತು. ಇಂದು ಹೆದ್ದಾರಿಯಲ್ಲಿ ಸಾಗುವ ಟ್ರೇಲರುಗಳ ಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಅವುಗಳ ಗಾಲಿಗಳಲ್ಲಿ ಸಮತೋಲನ ತಪ್ಪಿದ್ದರೂ ಮುಂದಿನ ಕ್ಯಾಬಿನಿನಲ್ಲಿ ಕುಳಿತ ಚಾಲಕನಿಗೆ ಅದರ ಅರಿವಾಗುವುದು ಅಪರೂಪ. ನೂರಾರು ಕಿಲೋಮೀಟರು ದೂರದ ಗೋದಾಮಿನಲ್ಲಿ ಪೆಟ್ಟಿಗೆಗಳನ್ನು ಬಿಚ್ಚಿದಾಗ ಮಾತ್ರ ಅದರ ಪರಿಣಾಮ ಗೋಚರಿಸುತ್ತದೆ. ಆಗ ದೋಷ ಹೊರುವುದು ಗಾಲಿಯಲ್ಲ, ಪ್ಯಾಕಿಂಗು.

ಲಾರಿಗಳ ನಿರ್ವಹಣೆಯಲ್ಲಿ ಬಹುಕಾಲದಿಂದ ಬೇರೂರಿರುವ ಒಂದು ರೂಢಿ ಇದಕ್ಕೆ ಮೂಲ. ವೀಲ್ ಬ್ಯಾಲೆನ್ಸಿಂಗ್ ಎಂಬ ಕೆಲಸವನ್ನು ಮಾಡಿಸುವವರು ಸಾಮಾನ್ಯವಾಗಿ ಮುಂದಿನ ಎರಡು ಗಾಲಿಗಳಿಗೆ ಮಾತ್ರ ಮಾಡಿಸುತ್ತಾರೆ. ಅವು ಅದುರಿದರೆ ಸ್ಟೇರಿಂಗ್ ಅದುರುತ್ತದೆ, ಚಾಲಕನ ಕೈ ನೋಯುತ್ತದೆ, ದೂರು ಕೂಡಲೇ ಮಾಲೀಕರನ್ನು ಮುಟ್ಟುತ್ತದೆ. ಹಿಂದಿನ ಗಾಲಿಗಳ ಪರವಾಗಿ ದೂರು ಕೊಡುವವರಿಲ್ಲ. ಎರಡು ಅಚ್ಚಿನ ಎಳೆಯುವ ಲಾರಿಗೆ ಮೂರು ಅಚ್ಚಿನ ಟ್ರೇಲರನ್ನು ಜೋಡಿಸಿದರೆ, ಜೋಡಿ ಗಾಲಿಗಳನ್ನೂ ಎಣಿಸಿದಾಗ, ಒಟ್ಟು 18 ಗಾಲಿಗಳಾಗುತ್ತವೆ. ಅವುಗಳಲ್ಲಿ 12 ಗಾಲಿಗಳು ಟ್ರೇಲರಿನವು. ಸರಕು ನಿಂತಿರುವುದು ಈ 12 ಗಾಲಿಗಳ ನೆತ್ತಿಯ ಮೇಲೆಯೇ. ಹೀಗಿದ್ದೂ ಎರಡು ಗಾಲಿಗಳಿಗೆ ದೊರೆಯುವ ಆರೈಕೆ ಈ ಹನ್ನೆರಡಕ್ಕೆ ದೊರೆಯುವುದಿಲ್ಲವೆಂಬುದು ವಿಚಾರಾರ್ಹ ಸಂಗತಿ.

ಸಮತೋಲನವೆಂದರೆ ಗಾಲಿಯ ತೂಕ ಅದರ ಕೇಂದ್ರದ ಸುತ್ತ ಸಮನಾಗಿ ಹಂಚಿಕೆಯಾಗಿರುವುದು. ಯಾವ ಟಯರೂ, ಯಾವ ಡಿಸ್ಕೂ ಕಾರ್ಖಾನೆಯಿಂದ ಇಷ್ಟು ನಿಖರವಾಗಿ ಹೊರಬರುವುದಿಲ್ಲ. ಟ್ಯೂಬು, ಫ್ಲಾಪು, ಲಾಕ್ ರಿಂಗುಗಳನ್ನು ಒಳಗೊಂಡ ಜೋಡಣೆಯಲ್ಲಿ ವ್ಯತ್ಯಾಸಕ್ಕೆ ಇನ್ನಷ್ಟು ಅವಕಾಶವಿದೆ. ರೀಟ್ರೆಡ್ ಮಾಡಿಸಿದ ಟಯರಿನಲ್ಲಿ ಅದು ಮತ್ತಷ್ಟು ಹೆಚ್ಚಬಹುದು. ಭಾರ ಹೆಚ್ಚಿರುವ ಜಾಗಕ್ಕೆ ಎದುರಾಗಿ ರಿಮ್ಮಿನ ಅಂಚಿಗೆ ಸಣ್ಣ ತೂಕದ ತುಂಡನ್ನು ಕೂಡಿಸಿ ಸರಿದೂಗಿಸುವುದೇ ವೀಲ್ ಬ್ಯಾಲೆನ್ಸಿಂಗ್.

ಇದರ ಪರಿಣಾಮವನ್ನು ಲೆಕ್ಕದಿಂದಲೇ ಅರಿಯಬಹುದು. ಲಾರಿಗಳಲ್ಲಿ ಸಾಮಾನ್ಯವಾಗಿ ಕಾಣುವ 10.00-20 ಅಳತೆಯ ಟಯರು ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ಸುಮಾರು 7 ಬಾರಿ ಸುತ್ತುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದು ಕಡೆ 200 ಗ್ರಾಂ ಹೆಚ್ಚು ಭಾರವಿದ್ದರೆ, ಆ ವೇಗದಲ್ಲಿ ಅದು ಸುಮಾರು 9 ಕಿಲೋ ತೂಕಕ್ಕೆ ಸಮನಾದ ಬಲವಾಗಿ ಪರಿಣಮಿಸಿ, ಪ್ರತಿ ಸುತ್ತಿಗೊಮ್ಮೆ ಅಚ್ಚನ್ನು ಮೇಲೆತ್ತಿ ಕೆಳಕ್ಕೆ ತಳ್ಳುತ್ತದೆ. ಈ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಅದೇ ಗಾಲಿ 40 ಕಿಲೋಮೀಟರು ವೇಗದಲ್ಲಿ ಎರಡು ಕಿಲೋ ಚಿಲ್ಲರೆಯ ಬಲವನ್ನಷ್ಟೇ ಬೀರುತ್ತದೆ. ಬೆಂಗಳೂರಿನಿಂದ ಮುಂಬಯಿಗೆ ಹೋಗುವ ಸುಮಾರು ಸಾವಿರ ಕಿಲೋಮೀಟರುಗಳ ಹಾದಿಯಲ್ಲಿ ಇಂತಹ ಗಾಲಿಯೊಂದು ಏನಿಲ್ಲೆಂದರೂ 3 ಲಕ್ಷ ಬಾರಿ ಸುತ್ತುತ್ತದೆ.

ಹತ್ತು ಟನ್ ಹೊತ್ತ ಅಚ್ಚಿಗೆ 9 ಕಿಲೋ ಬಲ ಯಾವ ಲೆಕ್ಕ ಎಂಬ ಪ್ರಶ್ನೆ ಸಹಜವಾದುದೇ. ಒಂದು ಸಲದ ಪೆಟ್ಟಾದರೆ ಅದು ನಗಣ್ಯ. ಆದರೆ ಭಾರವಾದ ಭಾಗ ಪ್ರತಿ ಸುತ್ತಿನಲ್ಲೂ ಟಯರಿನ ಅದೇ ಜಾಗವನ್ನು ರಸ್ತೆಗೆ ಬಡಿಯುವುದರಿಂದ ಅಲ್ಲಲ್ಲಿ ತೇಪೆ ತೇಪೆಯಾಗಿ ಸವೆತ ಆರಂಭವಾಗುತ್ತದೆ. ಟಯರು ತನ್ನ ದುಂಡು ಆಕಾರವನ್ನು ಕಳೆದುಕೊಂಡ ಮೇಲೆ ಹುಟ್ಟುವ ಪೆಟ್ಟು ಮೊದಲಿನ ತೂಕದ ವ್ಯತ್ಯಾಸದಿಂದ ಹುಟ್ಟಿದ ಪೆಟ್ಟಿಗಿಂತ ಬಹಳ ದೊಡ್ಡದು. ಬೇರಿಂಗುಗಳು, ಗಾಲಿಯ ನಟ್ಟುಗಳು, ಸ್ಪ್ರಿಂಗಿನ ಬುಷ್ಷುಗಳು, ಹಿಂದಿನ ದೀಪಗಳ ತಂತಿಗಳು ಒಂದೊಂದಾಗಿ ಸಡಿಲಗೊಳ್ಳುತ್ತವೆ. ತೊಟ್ಟಿಲನ್ನು ಅದರ ಲಯಕ್ಕೆ ಸರಿಯಾಗಿ ತೂಗಿದರೆ ಕಿರುಬೆರಳಿನ ಬಲವೂ ಸಾಕಾಗುವಂತೆ, ಗಾಲಿಯ ಅದುರುವಿಕೆಯು ಮೇಲಿನ ಸರಕಿನ ಸ್ವಾಭಾವಿಕ ಕಂಪನಕ್ಕೆ ಹೊಂದಿಕೊಂಡಾಗ ಸಣ್ಣ ಬಲವೂ ದೊಡ್ಡ ತೂಗಾಟವಾಗುತ್ತದೆ. ಕೋಲಾರದ ಟೊಮೆಟೊ, ಮಂಗಳೂರಿನ ಹೆಂಚು, ಪೀಣ್ಯದ ಸೂಕ್ಷ್ಮ ಅಳತೆಯ ಯಂತ್ರಭಾಗಗಳು, ಇವೆಲ್ಲ ಒಂದು ದೊಡ್ಡ ಕುಲುಕಾಟವನ್ನು ತಾಳಿಕೊಂಡರೂ ಗಂಟೆಗಟ್ಟಲೆ ಬಿಡದೆ ನಡೆಯುವ ಅದುರುವಿಕೆಯಿಂದ ಕೆಡುವ ಸರಕುಗಳು. ಹಣ್ಣಿನ ಮೈ ಉಜ್ಜಿ ಕಂದುತ್ತದೆ, ಹೆಂಚಿನ ಅಂಚು ಒಡೆಯುತ್ತದೆ, ಯಂತ್ರದ ತಿರುಪು ಸಡಿಲಾಗುತ್ತದೆ.

ಈ ವಿಷಯದಲ್ಲಿ ಅಮೆರಿಕದ ಅನುಭವವೊಂದು ಬೋಧಪ್ರದವಾಗಿದೆ. ಅಲ್ಲಿ ಕಾರು ಅಥವಾ ಸಣ್ಣ ಟ್ರಕ್ಕಿನ ಹಿಂದೆ ಎಳೆದೊಯ್ಯುವ ಪ್ರವಾಸಿ ಟ್ರೇಲರುಗಳು ಹೇರಳವಾಗಿ ಬಳಕೆಯಲ್ಲಿವೆ. ಅಡಿಗೆಮನೆ, ಹಾಸಿಗೆ, ಕಪಾಟುಗಳಿರುವ ಈ ಸಂಚಾರಿ ಮನೆಗಳ ತಯಾರಿಕೆಗೆ ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಪ್ರದೇಶ ಹೆಸರಾಗಿದೆ. ಹಲವು ಟ್ರೇಲರುಗಳು ಗಾಲಿಗಳ ಸಮತೋಲನ ಮಾಡಿಸದೆಯೇ ಕೊಳ್ಳುವವರ ಕೈ ಸೇರುತ್ತವೆ. ಚಲಿಸುವ ಟ್ರೇಲರಿನೊಳಗೆ ಜನರು ಕೂರುವುದನ್ನು ಅಲ್ಲಿನ ಅನೇಕ ರಾಜ್ಯಗಳು ನಿಷೇಧಿಸಿವೆ. ಕೂರುವವರೇ ಇಲ್ಲದ ಮೇಲೆ ಸಮತೋಲನ ಯಾರಿಗಾಗಿ ಎಂಬುದು ಬೇಡವೆನ್ನುವವರ ವಾದ. ಬೇಕೆನ್ನುವವರು ಕಪಾಟಿನ ಬಾಗಿಲು ತೆರೆದು ಉರುಳಿದ ಪಾತ್ರೆಗಳನ್ನೂ, ಗೋಡೆಯಿಂದ ಹೊರಬಂದ ತಿರುಪುಗಳನ್ನೂ ತೋರಿಸುತ್ತಾರೆ. ರಜೆಯ ಪ್ರವಾಸಕ್ಕೆ ಬಳಸುವ ಬಂಡಿಯಲ್ಲಿ ನಷ್ಟ ಅದರ ಒಡೆಯನದೇ ಆದುದರಿಂದ ನಿರ್ಧಾರವನ್ನೂ ಅವನಿಗೇ ಬಿಡಬಹುದು. ಸರಕಿನ ಟ್ರೇಲರಿನಲ್ಲಿ ಹಾಗಲ್ಲ. ಇಲ್ಲಿ ಬಂಡಿ ಒಬ್ಬರದು, ಸರಕು ಮತ್ತೊಬ್ಬರದು. ಕೆಲವು ನೂರು ರೂಪಾಯಿ ಉಳಿತಾಯವಾಗುವುದು ಒಬ್ಬರಿಗೆ, ನಷ್ಟವಾಗುವುದು ಇನ್ನೊಬ್ಬರಿಗೆ.

ಈ ನಷ್ಟವನ್ನು ಕಾನೂನು ತುಂಬಿಕೊಡುತ್ತದೆಂದು ನಂಬಿರುವ ವರ್ತಕರು ಎಚ್ಚರ ವಹಿಸಬೇಕಾಗಿದೆ. 2007ರಲ್ಲಿ ಅಂಗೀಕೃತವಾಗಿ 2011ರಲ್ಲಿ ಜಾರಿಗೆ ಬಂದ ರಸ್ತೆ ಸಾಗಾಣಿಕೆ ಅಧಿನಿಯಮ ಹಾಗೂ ಅದರ ನಿಯಮಗಳ ಪ್ರಕಾರ, ಸರಕು ಕಳುಹಿಸುವವರು ಹೆಚ್ಚಿನ ಮೌಲ್ಯವನ್ನು ಘೋಷಿಸಿ ಅದಕ್ಕೆ ತಕ್ಕ ಹೆಚ್ಚುವರಿ ದರ ತೆರಲು ಒಪ್ಪದಿದ್ದರೆ, ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತವಾಗಿರುತ್ತದೆ. ಬೆಲೆಬಾಳುವ ಯಂತ್ರಭಾಗಗಳ ಸಣ್ಣ ಪೆಟ್ಟಿಗೆಗೆ ಈ ಮೊತ್ತ ಯಾವ ಮೂಲೆಗೂ ಸಾಲದು. ಸಾಗಾಣಿಕೆ ವಿಮೆಯಲ್ಲಿಯೂ ಪ್ಯಾಕಿಂಗ್ ಸಾಲದಾಗಿದ್ದುದರಿಂದ ಆದ ಹಾನಿ ಹೊರಗುಳಿಯುತ್ತದೆ. ಅಪಘಾತವೇ ಆಗಿರದೆ ಸರಕು ಮಾತ್ರ ಒಳಗೊಳಗೇ ಒಡೆದಿದ್ದರೆ, ಸರ್ವೇಯರರ ವರದಿಯಲ್ಲಿ ಪ್ಯಾಕಿಂಗಿನ ಪ್ರಶ್ನೆ ಎದ್ದೇ ಏಳುತ್ತದೆ. ಗಾಲಿಯ ಸಮತೋಲನ ಹೇಗಿತ್ತೆಂಬುದಕ್ಕೆ ಆ ವೇಳೆಗೆ ದಾಖಲೆಯೇ ಇರುವುದಿಲ್ಲ.

ಸಾಗಣೆದಾರರ ಕಡೆಯ ವಾದವನ್ನೂ ಆಲಿಸಬೇಕಾದುದು ನ್ಯಾಯ. ಡೀಸೆಲ್, ಟೋಲ್, ಸಂಬಳಗಳ ನಡುವೆ ಅವರಿಗೆ ಉಳಿಯುವ ಲಾಭ ಅಷ್ಟಕ್ಕಷ್ಟೇ. ಟಯರು ಸಮೇತ ಸುಮಾರು ನೂರು ಕಿಲೋ ತೂಗುವ ಗಾಲಿಯನ್ನು ಹೊರುವ ಯಂತ್ರ ಎಲ್ಲ ಊರುಗಳಲ್ಲಿಲ್ಲ. ಹನ್ನೆರಡು ಗಾಲಿಗಳನ್ನು ಬಿಚ್ಚಿ ಜೋಡಿಸಲು ಒಂದು ದಿನದ ದುಡಿಮೆ ಹಾಳಾಗುತ್ತದೆ. ನಮ್ಮ ರಸ್ತೆಗಳ ಗುಂಡಿಗಳ ಮುಂದೆ ಗಾಲಿಯ ಅದುರುವಿಕೆ ಏನು ಮಹಾ ಎಂಬುದು ಅವರ ಪ್ರಮುಖ ಆಕ್ಷೇಪ. ಒಂದು ಕಾಲಕ್ಕೆ ಈ ಮಾತಿನಲ್ಲಿ ಸತ್ಯಾಂಶವಿತ್ತು. ಲಾರಿಗಳು ಗಂಟೆಗೆ 35-40 ಕಿಲೋಮೀಟರು ವೇಗದಲ್ಲಿ ಸಾಗುತ್ತಿದ್ದಾಗ ಸಮತೋಲನದ ಕೊರತೆ ತಲೆ ಎತ್ತುತ್ತಲೇ ಇರಲಿಲ್ಲ. ಬೆಂಗಳೂರು-ಪುಣೆ ಹೆದ್ದಾರಿ ಸುವರ್ಣ ಚತುಷ್ಪಥದ ಭಾಗವಾಗಿ ಅಗಲಗೊಂಡ ಮೇಲೆ ಆ ಸ್ಥಿತಿ ಉಳಿದಿಲ್ಲ. ವಿಭಜಕವಿರುವ ಚತುಷ್ಪಥ ರಸ್ತೆಗಳಲ್ಲಿ ಸರಕು ವಾಹನಗಳಿಗೆ 80 ಕಿಲೋಮೀಟರುಗಳ ಗರಿಷ್ಠ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಪಡಿಸಿತು. ನುಣುಪಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಸಾಗುವಾಗಲೇ ಸಮತೋಲನದ ದೋಷ ಪೂರ್ಣವಾಗಿ ಕೆಲಸ ಮಾಡುತ್ತದೆ. ಗುಂಡಿ ಒಮ್ಮೆ ಬಡಿದು ಸುಮ್ಮನಾಗುತ್ತದೆ, ಗಾಲಿ ಸುಮ್ಮನಾಗುವುದಿಲ್ಲ.

ಭಾರದ ಮಿತಿಯೂ ಬದಲಾಗಿದೆ. ನಾಲ್ಕು ಟಯರುಗಳ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೂ, ಎಂಟು ಟಯರುಗಳ ಜೋಡಿ ಅಚ್ಚಿನ ಮಿತಿಯನ್ನು 19ರಿಂದ 21 ಟನ್‌ಗೂ, ಇಡೀ ವಾಹನದ ಗರಿಷ್ಠ ತೂಕವನ್ನು 49ರಿಂದ 55 ಟನ್‌ಗೂ 2018ರ ಜುಲೈ ತಿಂಗಳಲ್ಲಿ ಏರಿಸಲಾಯಿತು. ಪ್ರತಿ ಟಯರಿನ ಮೇಲಿನ ಹೊರೆ ಹೆಚ್ಚಿದಾಗ ಅದರ ಆರೈಕೆಯೂ ಹೆಚ್ಚಬೇಕಾದುದು ಸಹಜ ನ್ಯಾಯ. ಇಪ್ಪತ್ತು ಸಾವಿರ ರೂಪಾಯಿಗಳ ಆಸುಪಾಸಿನ ಬೆಲೆಯ ಲಾರಿ ಟಯರು ತೇಪೆ ಸವೆತದಿಂದ ಅಕಾಲದಲ್ಲಿ ಕಳಚಿಬಿದ್ದರೆ ಸಾಗಣೆದಾರರಿಗೂ ಅದು ನಷ್ಟವೇ. ಆ ನಷ್ಟವನ್ನು ರಸ್ತೆಯ ಮೇಲೋ ಟಯರು ಕಂಪನಿಯ ಮೇಲೋ ಹೊರಿಸಿ ಸಮಾಧಾನಪಡುವ ಅಭ್ಯಾಸದಿಂದ ನಿಜವಾದ ಕಾರಣ ಮರೆಯಾಗಿಯೇ ಉಳಿದಿದೆ.

ಹಾಗೆಂದು ಸಮತೋಲನವೊಂದೇ ಸರ್ವರೋಗಕ್ಕೂ ಮದ್ದೆಂದು ಭಾವಿಸಲಾಗದು. ಗಾಳಿಯ ಒತ್ತಡ ಸರಿಯಿಲ್ಲದಿದ್ದರೆ, ಡಿಸ್ಕು ಬಾಗಿದ್ದರೆ, ಬೇರಿಂಗು ಸವೆದಿದ್ದರೆ, ಅಚ್ಚು ಓರೆಯಾಗಿದ್ದರೆ ಎಷ್ಟು ತೂಕದ ತುಂಡುಗಳನ್ನು ಅಂಟಿಸಿದರೂ ಫಲವಿಲ್ಲ. ಮೊದಲು ಇವನ್ನು ಸರಿಪಡಿಸಿ, ಕೊನೆಯಲ್ಲಿ ಸಮತೋಲನಕ್ಕೆ ಬರಬೇಕು. ಯಂತ್ರದ ಮೇಲೆ ಗಾಲಿಯನ್ನು ಕೂರಿಸುವ ಕ್ರಮವೂ ಮುಖ್ಯ. ಕೆಲವು ಟ್ರೇಲರುಗಳ ಗಾಲಿಗಳು ಹಬ್ಬಿನ ಮೇಲೆ ನಡುವಿನ ರಂಧ್ರದ ಆಧಾರದಿಂದ ಕೂರದೆ ನಟ್ಟುಗಳ ಆಧಾರದಿಂದ ಕೂರುತ್ತವೆ. ಅಂತಹವನ್ನು ನಡುವಿನ ರಂಧ್ರ ಹಿಡಿದು ತೂಗಿದರೆ ಯಂತ್ರ ತೋರಿಸುವ ಲೆಕ್ಕವೇ ತಪ್ಪಾಗುತ್ತದೆ. ಹೊಸ ಟಯರು ಹಾಕಿಸಿದಾಗ, ರೀಟ್ರೆಡ್ ಮಾಡಿಸಿದಾಗ, ಪಂಕ್ಚರಿಗಾಗಿ ಟಯರು ಕಳಚಿದಾಗ ಮತ್ತೆ ತೂಗಿಸುವುದು ಅಗತ್ಯ. ಟಯರು ಹೇಗೂ ಕೆಳಗಿಳಿದಿರುವ ಆ ಸಂದರ್ಭಗಳಲ್ಲೇ ಮಾಡಿಸಿದರೆ ಒಂದು ದಿನದ ದುಡಿಮೆ ಹಾಳಾಗುವ ಪ್ರಶ್ನೆಯೂ ಬಹುಮಟ್ಟಿಗೆ ಬಗೆಹರಿಯುತ್ತದೆ.

ಈ ಕೆಲಸದಲ್ಲಿ ಸಣ್ಣ ಉದ್ದಿಮೆದಾರರಿಗೆ ಒಂದು ಅವಕಾಶವೂ ಅಡಗಿದೆ. ಗಾಲಿಗೆ ಕೂಡಿಸುವ ತುಂಡುಗಳಿಗೆ ಬಹುಕಾಲ ಸೀಸವನ್ನೇ ಬಳಸಲಾಗುತ್ತಿತ್ತು. ರಸ್ತೆಯಲ್ಲಿ ಕಳಚಿ ಬೀಳುವ ಸೀಸ ಮಣ್ಣನ್ನೂ ನೀರನ್ನೂ ಕೆಡಿಸುತ್ತದೆಂಬ ಕಾರಣದಿಂದ ಐರೋಪ್ಯ ಒಕ್ಕೂಟ 2005ರಿಂದ ಕಾರುಗಳಿಗೆ ಅದರ ಬಳಕೆಯನ್ನು ನಿಲ್ಲಿಸಿತು; ಅಮೆರಿಕದ ಕ್ಯಾಲಿಫೋರ್ನಿಯಾ 2010ರಲ್ಲಿ ಅದೇ ದಾರಿ ಹಿಡಿಯಿತು. ಅದರ ಜಾಗಕ್ಕೆ ಸತುವು ಮತ್ತು ಉಕ್ಕಿನ ತುಂಡುಗಳು ಬಂದಿವೆ. ಬೆಳಗಾವಿಯ ಎರಕದ ಕಾರ್ಖಾನೆಗಳಿಗೂ ಪೀಣ್ಯದ ಪ್ರೆಸ್ ಘಟಕಗಳಿಗೂ ಇವುಗಳ ತಯಾರಿಕೆ ಕೈಗೆಟುಕದ ಕೆಲಸವೇನಲ್ಲ. ಟ್ರೇಲರುಗಳ ಸಮತೋಲನ ರೂಢಿಗೆ ಬಂದರೆ ಇಂತಹ ತುಂಡುಗಳ ಬೇಡಿಕೆಯೂ ತಾನಾಗಿಯೇ ಬೆಳೆಯುತ್ತದೆ.

ಆದರೆ ರೂಢಿ ಬದಲಾಗುವುದು ಉಪದೇಶದಿಂದಲ್ಲ, ಕರಾರಿನಿಂದ. ವರ್ಷದ ಸಾಗಾಣಿಕೆ ಒಪ್ಪಂದ ಮಾಡಿಕೊಳ್ಳುವ ವರ್ತಕರು ಅದರಲ್ಲಿ ಒಂದು ಸಾಲನ್ನು ಸೇರಿಸಿದರೆ ಸಾಕು: ಸೂಕ್ಷ್ಮ ಸರಕು ಹೊರುವ ಟ್ರೇಲರಿನ ಎಲ್ಲ ಗಾಲಿಗಳಿಗೂ ಸಮತೋಲನ ಮಾಡಿಸಿರಬೇಕು, ಅದರ ರಸೀದಿಯನ್ನು ಕೇಳಿದಾಗ ತೋರಿಸಬೇಕು. ಇದಕ್ಕಾಗಿ ಬಾಡಿಗೆಯಲ್ಲಿ ಅಲ್ಪ ಹೆಚ್ಚಳ ಕೊಡಬೇಕಾಗಿ ಬಂದರೂ ಕೊಡುವುದು ಲೇಸು. ಆರೈಕೆಯನ್ನು ಪುಕ್ಕಟೆಯಾಗಿ ನಿರೀಕ್ಷಿಸುವುದು ಸಾಗಣೆದಾರರಿಗೆ ಮಾಡುವ ಅನ್ಯಾಯವಾದೀತು. ಯಂತ್ರ ಇಲ್ಲದ ಊರುಗಳಲ್ಲಿ ವರ್ತಕರ ಸಂಘವೂ ಲಾರಿ ಮಾಲೀಕರ ಸಂಘವೂ ಕೂಡಿ ಟ್ರಕ್ ಟರ್ಮಿನಲ್ಲಿನ ಸಮೀಪ ಒಂದು ಯಂತ್ರವನ್ನು ಹೊಂದಿಸಬಹುದು. ಒಬ್ಬರಿಗೆ ಭಾರವಾಗುವ ಹೂಡಿಕೆ ನೂರು ಮಂದಿಗೆ ಹಂಚಿದಾಗ ಹಗುರವಾಗುತ್ತದೆ.

ಬಾಡಿಗೆಯ ದರದಲ್ಲಿ ನೂರು ರೂಪಾಯಿ ಇಳಿಸಲು ವರ್ತಕರು ಅರ್ಧ ದಿನ ಚೌಕಾಶಿ ಮಾಡುತ್ತಾರೆ. ಸರಕು ಏರಿಸುವ ಮುನ್ನ ಟ್ರೇಲರನ್ನು ಒಮ್ಮೆ ಸುತ್ತಿಬಂದು ಟಯರುಗಳ ಮೇಲೆ ಕೈಯಾಡಿಸಿ, ತೇಪೆ ಸವೆತವಿದೆಯೇ, ರಿಮ್ಮಿನ ಅಂಚಿನಲ್ಲಿ ತೂಕದ ತುಂಡು ಇದೆಯೇ ಎಂದು ನೋಡಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನು ಕೊಡುವ ಪರಿಪಾಠ ಮುಂದಿನ ಲೋಡಿನಿಂದಲೇ ಆರಂಭವಾಗಲಿ.