ಅತ್ತಿಯ ಹಣ್ಣಿನೊಳಗಿನ ಉಪಕಾರಿ

ನಾವು ವಾಸಿಸುವ ಈ ಕ್ಷೇತ್ರಕ್ಕೆ ಪಂಚವಟಿಯೆಂಬ ಹೆಸರು ಬಂದುದು ಐದು ವಟವೃಕ್ಷಗಳಿಂದ ಎಂಬ ನಂಬಿಕೆ ಸರ್ವವಿದಿತ. ಸೀತಾಗುಂಫೆಯ ಬಳಿಯ ಆ ಆಲಗಳನ್ನು ಊರಿನಿಂದ ಬಂದ ಬಂಧುಗಳಿಗೆಲ್ಲ ತೋರಿಸುತ್ತೇವೆ. ಆದರೆ ಆಲ, ಅರಳಿ, ಅತ್ತಿಗಳ ವಂಶ ಯಾರ ಉಪಕಾರದಿಂದ ಉಳಿದಿದೆಯೆಂದು ವಿಚಾರ ಮಾಡಿದವರು ವಿರಳ. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಲೆಕ್ಕ ನೋಡುವ ನನಗೂ ಅದು ತಿಳಿದದ್ದು ಒಂದು ತಪ್ಪು ಮಾಡಿದ ಮೇಲೆ.

ನಮ್ಮ ವಸತಿ ಸಂಕೀರ್ಣದ ಆವರಣದಲ್ಲಿ ಒಂದು ಅತ್ತಿಯ ಮರವಿತ್ತು. ಹಣ್ಣು ಬಿದ್ದು ವಾಹನಗಳು ಕೊಳೆಯಾಗುತ್ತವೆಂದು ಅದನ್ನು ತೆಗೆಸುವ ಠರಾವು ಬಂದಿತು. ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಅತ್ತಿಯ ಹಣ್ಣು ಬಿಚ್ಚಿದರೆ ಬರೀ ಹುಳು ಎಂಬ ನಮ್ಮ ಗಾದೆಯನ್ನು ಸಭೆಗೆ ಮರಾಠಿಯಲ್ಲಿ ವಿವರಿಸಿ ನಗಿಸಿದವನೂ ನಾನೇ. ಮರ ಹೋಯಿತು, ಬೆಳಗಿನ ಕುಟುರ ಹಕ್ಕಿಯ ಕೂಗೂ ಹೋಯಿತು. ಅನಂತರವಷ್ಟೇ ಪುಸ್ತಕ ತೆರೆದು ನೋಡಿದೆ.

ನಾವು ಅತ್ತಿಯ ಕಾಯಿ ಎನ್ನುವುದು ವಾಸ್ತವವಾಗಿ ಒಳಮುಖವಾಗಿ ಅರಳಿದ ನೂರಾರು ಹೂಗಳ ಗೊಂಚಲು. ಒಂದೆರಡು ಮಿಲಿಮೀಟರ್ ಗಾತ್ರದ ಹೆಣ್ಣು ಕಣಜವು ತುದಿಯ ಸೂಕ್ಷ್ಮ ರಂಧ್ರದಿಂದ ಒಳನುಸುಳುವಾಗ ರೆಕ್ಕೆಗಳನ್ನು ಕಳೆದುಕೊಳ್ಳುತ್ತದೆ. ಒಳಗೆ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಅದರ ಹೆಣ್ಣು ಸಂತತಿ ಹೊಸ ಪರಾಗ ಹೊತ್ತು ಇನ್ನೊಂದು ಮರವನ್ನು ಅರಸಿ ಹೊರಡುತ್ತದೆ. ಅತ್ತಿಗೊಂದು ಕಣಜ, ಆಲಕ್ಕೆ ಬೇರೊಂದು. ಒಂದರ ಕೆಲಸ ಇನ್ನೊಂದಕ್ಕೆ ಸಾಧ್ಯವಿಲ್ಲ. ನಾನು ಹಾಸ್ಯ ಮಾಡಿದ ಹುಳುವೇ ಆ ಮರದ ಕುಲಪುರೋಹಿತ!

ಈ ಕಣಜದ ರೆಕ್ಕೆಯ ಆಯುಷ್ಯ ಒಂದೆರಡು ದಿನ ಮಾತ್ರ. ಅಷ್ಟರಲ್ಲಿ ತಕ್ಕ ಹದದ ಕಾಯಿಯುಳ್ಳ ಮತ್ತೊಂದು ಮರ ಸಿಗಬೇಕು. ಆದುದರಿಂದ ಒಂಟಿ ಮರವನ್ನು ಕಟ್ಟೆ ಕಟ್ಟಿ ಪೂಜಿಸಿದರೆ ಸಾಲದು; ಊರಿನ ತುಂಬ ಅದರ ಬಂಧುಗಳಿರಬೇಕು. 2027ರ ಸಿಂಹಸ್ಥ ಕುಂಭಮೇಳಕ್ಕಾಗಿ ತಪೋವನದ ಮರಗಳನ್ನು ಕಡಿಯುವ ಪ್ರಸ್ತಾಪ 2025ರಲ್ಲಿ ಬಂದಾಗ ನಾಗರಿಕರು ವಿರೋಧಿಸಿದರು. ಇಂಥ ಚರ್ಚೆಗಳಲ್ಲಿ ಕಡಿದ ಮರಕ್ಕೆ ಪ್ರತಿಯಾಗಿ ಇಷ್ಟು ಸಸಿ ಎಂಬ ಲೆಕ್ಕ ಕೇಳಿಬರುತ್ತದೆ. ಬರೀ ಸಂಖ್ಯೆ ಸರಿಹೋದರೆ ತಾಳೆಪಟ್ಟಿ ಸರಿಹೋಗದೆಂದು ಬ್ಯಾಂಕಿನವರಿಗೆ ಗೊತ್ತು. ಮಡಗಾಸ್ಕರದಿಂದ ಬಂದ ಗುಲ್‌ಮೊಹರ್ ಎಷ್ಟೇ ಚೆಲುವಾಗಿದ್ದರೂ ಅತ್ತಿಯ ಕಣಜಕ್ಕೆ ಅದರಲ್ಲಿ ಮನೆಯಿಲ್ಲ.

ಇದು ಅನ್ನದ ಪ್ರಶ್ನೆಯೂ ಹೌದು. ನಮ್ಮ ಜಿಲ್ಲೆಯ ದ್ರಾಕ್ಷಿ ಬಹುಮಟ್ಟಿಗೆ ಸ್ವಪರಾಗದಿಂದಲೇ ಫಲಿಸುತ್ತದೆ. ಲಾಸಲ್‌ಗಾಂವ್ ಪೇಟೆಗೆ ಬರುವ ಈರುಳ್ಳಿಯ ಬೀಜಕ್ಕೆ ಮಾತ್ರ ಜೇನ್ನೊಣಗಳು ಬೇಕೇ ಬೇಕು. ಅದರ ಹೂವಿನಲ್ಲಿ ಪರಾಗ ಮೊದಲು, ಶಲಾಕೆ ಅನಂತರ ಪಕ್ವವಾಗುತ್ತದೆ. ವೈದ್ಯರು ತಿನ್ನಿರೆನ್ನುವ ಹೀರೆ, ಪಡವಲ, ಕುಂಬಳಗಳೂ ಕೀಟಗಳಿಲ್ಲದೆ ಕಾಯಿ ಕಟ್ಟಲಾರವು. ಬೆಳೆಸಾಲದ ಅರ್ಜಿಗಳಲ್ಲಿ ಗೊಬ್ಬರ, ಔಷಧಿ, ಕೂಲಿಗಳ ಅಂದಾಜು ನೋಡಿದ್ದೇನೆ. ಈ ಕೂಲಿಯಿಲ್ಲದ ಕೆಲಸಗಾರರ ಹೆಸರನ್ನು ಎಲ್ಲಿಯೂ ಕಂಡಿಲ್ಲ. ಹೂವರಳಿದಾಗ ಕೀಟನಾಶಕ ಸಿಂಪಡಿಸಿದರೆ ಮೊದಲು ಸಾಯುವವು ಇವೇ.

ಗೋಡೆಯ ಮಗ್ಗುಲಿಗೆ ಆಲ ನೆಡಿರೆಂದು ನಾನು ಹೇಳಲಾರೆ. ಅದರ ಬೇರಿನ ಬಲ ಎಲ್ಲರೂ ಬಲ್ಲರು. ಬಯಲು, ದೇವಸ್ಥಾನದ ಅಂಗಳ, ಹೊಳೆಯ ದಂಡೆಗಳಲ್ಲಿ ಆಲ, ಅತ್ತಿಗಳಿರಲಿ. ಮನೆಯ ಆವರಣದಲ್ಲಿ ಹೊಂಗೆ, ನೇರಳೆ, ಬೇವು, ಬಿಲ್ವಗಳಿರಲಿ. ಇರುವ ಮರವನ್ನು ಉಳಿಸುವುದು ಎಲ್ಲಕ್ಕಿಂತ ಮೊದಲಿನದು. ಮುಂದಿನ ಮಳೆಗಾಲಕ್ಕೆ ನಮ್ಮ ಕನ್ನಡ ಬಾಂಧವರು ಮನೆಗೊಂದರಂತೆ ಈ ನೆಲದ ಸಸಿ ನೆಡುವುದಾದರೆ ಅತ್ತಿಯ ಸಸಿಯನ್ನು ತರುವ ಹೊಣೆ ನನ್ನದು. ಆ ಸಾಲ ನಾನು ತೀರಿಸಬೇಕಾದದ್ದು.