ಮಲಗಿದವಳ ಉಸಿರಿನ ಲೆಕ್ಕ
ಈ ವಾರ ಮೂರು ರಾತ್ರಿ ನಾನು ಮಲಗಿದ್ದಕ್ಕಿಂತ ನಮ್ಮ ಪೊಮೆರೇನಿಯನ್ ಪುಟ್ಟಿಯ ಪಕ್ಕೆಯ ಏರಿಳಿತ ಎಣಿಸಿದ್ದೇ ಹೆಚ್ಚು. ನಿದ್ದೆಯಲ್ಲಿರುವ ನಾಯಿಯ ಉಸಿರು ನಿಮಿಷಕ್ಕೆ 30 ದಾಟುತ್ತಲೇ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಇವಳದು 24ರಲ್ಲೇ ಇದೆ, ಆದರೂ ಹಗಲೆಲ್ಲ ಹೆಬ್ಬಾತು ಕೂಗಿದಂತೆ ಕೆಮ್ಮುತ್ತಾಳೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಕಾಣದೆಯೂ ಇರಬಹುದು: ಇಂಥ ಪುಟ್ಟ ತಳಿಗಳ ಶ್ವಾಸನಾಳದ ಮೃದ್ವಸ್ಥಿ ಉಂಗುರಗಳು ಸಡಿಲವಾದರೆ ನಾಳ ನೆಂದ ಕಾಗದದ ಕೊಳವೆಯಂತೆ ಒಂದು ಗಳಿಗೆ ಕುಸಿದು ಮರುಗಳಿಗೆ ತೆರೆದುಕೊಳ್ಳುತ್ತದೆ, ಚಿತ್ರಕ್ಕೆ ಸಿಕ್ಕಿದ್ದು ತೆರೆದ ಗಳಿಗೆಯೇ ಇರಬೇಕು. ಕೊರಳಪಟ್ಟಿ ಬಿಚ್ಚಿ ಎದೆಪಟ್ಟಿ ಹಾಕಿದ್ದೇನೆ. ಚಿಕ್ಕ ನಾಯಿ ಸಾಕಿದವರೆಲ್ಲ ದಯವಿಟ್ಟು ಹಾಗೇ ಮಾಡಿ. ಕೂಸಾದರೆ ಅತ್ತಾದರೂ ಹೇಳುತ್ತದೆ. ಇವಳು ಕೆಮ್ಮು ನಿಂತೊಡನೆ ಬಾಲ ಅಲ್ಲಾಡಿಸುತ್ತಾಳೆ, ಅದನ್ನೇ ನನಗೆ ನೋಡಲಾಗುವುದಿಲ್ಲ. ಮುಂದಿನ ಕೆಮ್ಮನ್ನು ಮೊಬೈಲಿನಲ್ಲಿ ಹಿಡಿದು ವೈದ್ಯರ ಮುಂದಿಡುತ್ತೇನೆ.